ಬಿಚ್ಚಿ ಹೊಲಿದ ಕೌದಿ

"ಅಜ್ಜಾರೇ, ಬೇರೆಯವರು ಮಾಡಿದ ಕೆಲಸ ಕಣ್ಣಿಗೆ ಬಿದ್ದರೆ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತದೆ. ಅದನ್ನು ನಾನು ಇನ್ನೊಮ್ಮೆ ಮಾಡುವವರೆಗೆ ಕೂತಲ್ಲಿ ಕೂರಲಾಗುವುದಿಲ್ಲ. ಇದು ಭಕ್ತಿಯೋ, ರೋಗವೋ?"

ಕೇಳಿದವನು ಚರಂತಯ್ಯ. ಹನ್ನೆರಡು ವರ್ಷದಿಂದ ಮಠದ ದಾಸೋಹದ ಮನೆ ಅವನ ಕೈಯಲ್ಲಿತ್ತು. ಭಕ್ತರು ಆರಿಸಿಕೊಟ್ಟ ಬೇಳೆಯನ್ನು ಅವನು ಮತ್ತೆ ಆರಿಸುತ್ತಿದ್ದ. ಅವರು ತೊಳೆದಿಟ್ಟ ಹಂಡೆಯನ್ನು ಮತ್ತೆ ತೊಳೆಯುತ್ತಿದ್ದ. ಊಟಕ್ಕೆ ಕೂತವರು ಒಂದು ಮಾತು ಅಂದರೆ ಮಠದ ಮಾನ ಹೋಯಿತು ಎಂಬುದು ಅವನ ಭಯ. ಆ ಭಯದಲ್ಲಿ ಅವನು ಸೊರಗಿದ್ದ.

ಮಠದ ಸ್ವಾಮಿಗಳಾದ ಅಜ್ಜಾರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು.

"ರೋಗ ಅಂದರೆ ಔಷಧಿ ಕೇಳುತ್ತೀಯ. ಭಕ್ತಿ ಅಂದರೆ ಆಶೀರ್ವಾದ ಕೇಳುತ್ತೀಯ. ನನ್ನ ಹತ್ತಿರ ಎರಡೂ ಇಲ್ಲ. ಒಂದು ಕತೆ ಇದೆ, ಕೂತು ಕೇಳು. ನಡುನಡುವೆ ಹೂಂ ಅನ್ನು. ಇಲ್ಲದಿದ್ದರೆ ನೀನು ಮನಸ್ಸಿನಲ್ಲೇ ಹಂಡೆ ತಿಕ್ಕುತ್ತಿದ್ದೀಯ ಎಂದು ತಿಳಿಯುತ್ತೇನೆ."

ಚರಂತಯ್ಯ ಕೂತ. ಅಜ್ಜಾರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ದುಂಡವ್ವ ಅಂತಿಟ್ಟುಕೋ. ಅವಳಿಗೆ ಅದೇ ಓಣಿಯಲ್ಲಿ ಮೂವರು ಗೆಳತಿಯರು. ಫಕೀರವ್ವ, ಬಾಳವ್ವ, ಹುಸೇನಬಿ. ನಾಲ್ವರೂ ಒಂದೇ ವರ್ಷ ಆ ಓಣಿಗೆ ಸೊಸೆಯರಾಗಿ ಬಂದವರು. ನೀರಿಗೆ ಜೊತೆಗೆ ಹೋದರು, ಬಾಣಂತನಕ್ಕೆ ಒಬ್ಬರಿಗೊಬ್ಬರು ಆದರು, ಅತ್ತೆಯಂದಿರನ್ನು ಜೊತೆಗೇ ಬೈದುಕೊಂಡರು. ಇನ್ನೇನು ಬೇಕು?

ಅವರಿಗೆ ಎರಡು ಸುಖಗಳಿದ್ದವು. ಒಂದು, ಪೇಟೆಗೆ ಹೋಗಿ ಅರಿವೆ ನೋಡುವುದು. ಇನ್ನೊಂದು, ಮನೆಗೆ ಬಂದು ಕೂತು ಕೌದಿ ಹೊಲಿಯುವುದು.

ನೋಡುವುದು ಅಂದೆ, ಕೊಳ್ಳುವುದು ಅನ್ನಲಿಲ್ಲ. ನಿನಗೆ ಈ ವ್ಯತ್ಯಾಸ ತಿಳಿಯುವುದಿಲ್ಲ, ನೀನು ಪೇಟೆಗೆ ಹೋದರೆ ಬೆಲ್ಲ ತೂಗಿಸಿಕೊಂಡು ಓಡಿಬರುವವನು. ಅವರು ಹಾಗಲ್ಲ. ಥಾನು ಬಿಚ್ಚಿಸುವರು. ಎರಡು ಬೆರಳ ನಡುವೆ ತಿಕ್ಕುವರು. ಬಿಸಿಲಿಗೆ ಒಯ್ದು ಹಿಡಿಯುವರು. ಒಬ್ಬಳ ಹೆಗಲ ಮೇಲೆ ಇನ್ನೊಬ್ಬಳು ಹಾಕಿ ದೂರ ನಿಂತು ನೋಡುವರು. ಮತ್ತೆ ಇನ್ನೊಂದು ಥಾನು.

ಅಂಗಡಿಯವನು ಅವರನ್ನು ಕಂಡೊಡನೆ ಹಣೆ ಹಿಡಿದುಕೊಳ್ಳುವನು. "ಬರ್ರಿ ಬರ್ರಿ. ನಲವತ್ತು ಥಾನು ಬಿಚ್ಚಸ್ತೀರಿ, ನಾಕು ಮೊಳ ಒಯ್ತೀರಿ. ನೀವು ಹೋದ ಮ್ಯಾಲ ಮಡಚೂದ್ರಾಗ ನನಗ ಸಂಜಿ ಆಗತೈತಿ."

ಬಾಳವ್ವ ಸುಮ್ಮನಿರುವವಳಲ್ಲ. "ನಾವು ಬಂದು ಬಿಚ್ಚದಿದ್ದರ ನಿನ್ನ ಅರಿವಿಗೆ ಹುಳ ಬೀಳತಿದ್ವು, ಸಾಹುಕಾರ. ನಮಗ ಚಾ ತರಸು" ಅನ್ನುವಳು. ಅವನು ತರಿಸುವನು.

ಬರುವಾಗ ದಾರಿಯಲ್ಲಿ ಬೇವಿನ ಮರದ ಕೆಳಗೆ ಕೂತು ಬುತ್ತಿ ಬಿಚ್ಚುವರು. ಬುತ್ತಿಗಿಂತ ಮೊದಲು ಅರಿವೆಯ ಗಂಟು ಬಿಚ್ಚುವರು. ಅಂಗಡಿಯಲ್ಲಿ ಅಷ್ಟು ಹೊತ್ತು ನೋಡಿದ್ದನ್ನೇ ಮತ್ತೆ ನೋಡುವರು. ಅದೇನು ಸುಖವೋ, ನನಗೂ ಗೊತ್ತಿಲ್ಲ. ಆದರೆ ಸುಖಪಡುವವರನ್ನು ನೋಡಿದರೆ ಸುಖ ಇದೆಯೆಂದು ಗೊತ್ತಾಗುತ್ತದೆ.

ದುಂಡವ್ವನ ಮಗಳು ಸುನಂದಾಗೆ ಗಂಡು ಗೊತ್ತಾಯಿತು. ಮದುವೆಗೆ ಇಪ್ಪತ್ತು ದಿನ ಉಳಿದಿತ್ತು. ಹೆಣ್ಣು ಗಂಡನ ಮನೆಗೆ ಹೋಗುವಾಗ ತವರಿನ ಕೌದಿ ಜೊತೆಗೆ ಹೋಗಬೇಕು. ತಾಯಿಯ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲಿನ ಮುಖಕ್ಕೆ ಹೊಸ ಅರಿವೆ ಕೂಡಿಸಿ, ಅಂಚಿನಿಂದ ನಡುವಿನವರೆಗೆ ಸಾಲು ಸಾಲಾಗಿ ಕೈಯಿಂದ ಹೊಲಿದದ್ದು. ಆ ಹೊಸ ಅರಿವೆಯನ್ನು ತಾಯಿ ಕೊಳ್ಳುವಂತಿರಲಿಲ್ಲ. ಗೆಳತಿಯರು ಒಬ್ಬೊಬ್ಬರು ಒಂದೊಂದು ತುಂಡು ಕೊಟ್ಟು, ಬಂದು ಕೂತು ಹೊಲಿದುಕೊಡಬೇಕು. ಅದು ಆ ಓಣಿಯ ಪದ್ಧತಿ.

ಆ ಸೀಮೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಸೊಸೆಯ ಜೊತೆ ಬಂದ ಕೌದಿಯನ್ನು ಅತ್ತೆಯ ಮನೆಯ ಹೆಂಗಸರು ನಡುಮನೆಯಲ್ಲಿ ಹಾಸಿ ನೋಡುವರು. ದುಂಡವ್ವ ಬಂದಾಗಲೂ ಹಾಸಿ ನೋಡಿದ್ದರು. ಒಂದು ಮೂಲೆಯಲ್ಲಿ ಹೊಲಿಗೆ ಸಡಿಲವಾಗಿತ್ತು. ಅವಳ ಅತ್ತೆ ಅಲ್ಲಿ ಬೆರಳು ತೂರಿಸಿ ಎತ್ತಿ ಹಿಡಿದು, "ನಿಮ್ಮವ್ವಗ ದಾರ ಸಾಲಲಿಲ್ಲೇನು?" ಎಂದು ಕೇಳಿದ್ದಳು. ನೆರೆದ ಹೆಂಗಸರೆಲ್ಲ ನಕ್ಕಿದ್ದರು. ದುಂಡವ್ವ ಹದಿನೇಳು ವರ್ಷದ ಹುಡುಗಿ, ಬಾಗಿಲ ಹಿಂದೆ ನಿಂತಿದ್ದಳು. ಆ ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು. ದುಂಡವ್ವ ಅದನ್ನು ಮರೆತೂ ಇದ್ದಳು. ಮಗಳ ಮದುವೆ ಗೊತ್ತಾದ ದಿನ ಆ ನಗು ಮತ್ತೆ ಕಿವಿಗೆ ಬಿತ್ತು.

ಹೂಂ ಅನ್ನು, ಚರಂತಯ್ಯ.

"ಹೂಂ."

ನಾಲ್ವರೂ ಪೇಟೆಗೆ ಹೋದರು. ಫಕೀರವ್ವ ಹಳದಿ ಆರಿಸಿದಳು. ಬಾಳವ್ವ ಹಸಿರು ಆರಿಸಿದಳು. ಹುಸೇನಬಿ ಅಂಗಡಿಯೆಲ್ಲ ತಿರುವಿಹಾಕಿ, ಕೊನೆಗೆ ಒಂದು ಕೆಂಪು ಅರಿವೆಯನ್ನು ಎದೆಗೆ ಅವುಚಿಕೊಂಡು ನಿಂತಳು. "ಇದು ನನ್ನ ಸುನಂದಾಗ" ಅಂದಳು. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ.

ದುಂಡವ್ವ ಮಾತ್ರ ಆ ದಿನ ಏನನ್ನೂ ನೋಡಲಿಲ್ಲ. ಹಳದಿ ಬೇಗ ಮಾಸುತ್ತದೆ ಅಂದುಕೊಂಡಳು. ಹಸಿರು ತೆಳುವಾಯಿತು ಅಂದುಕೊಂಡಳು. ಕೆಂಪು ಬಣ್ಣ ಬಿಡುತ್ತದೆ ಅಂದುಕೊಂಡಳು. ಬೇವಿನ ಮರದ ಕೆಳಗೆ ಗೆಳತಿಯರು ಗಂಟು ಬಿಚ್ಚಿ ನೋಡಿ ಸಂತೋಷಪಟ್ಟರು. ದುಂಡವ್ವ ತನ್ನ ರೊಟ್ಟಿಯನ್ನು ಹಾಗೆಯೇ ಮತ್ತೆ ಕಟ್ಟಿಟ್ಟಳು.

ಮನೆಗೆ ಬಂದು ಕೆಂಪು ಅರಿವೆಯ ತುದಿಯನ್ನು ನೀರಿನಲ್ಲಿ ಅದ್ದಿದಳು. ಬಿಳಿ ಬಟ್ಟೆಗೆ ಒತ್ತಿದಳು. ಒಂಚೂರು ಬಣ್ಣ ಹತ್ತಿತು. ಹೊಸ ಅರಿವೆ ಒಂಚೂರು ಬಿಡುತ್ತದೆ, ಅದು ಅವಳಿಗೂ ಗೊತ್ತು. ಆದರೆ ಹೆದರಿದವರ ಮೇಲೆ ಕಪ್ಪೆ ಎಸೆದರಂತೆ. ಅವಳಿಗೆ ಆ ನಡುಮನೆ ಕಂಡಿತು, ಹಾಸಿದ ಕೌದಿ ಕಂಡಿತು, ಯಾರೋ ಬೆರಳು ತೋರಿಸುವುದು ಕಂಡಿತು. ಮರುದಿನ ಒಬ್ಬಳೇ ಪೇಟೆಗೆ ಹೋದಳು. ಕೆಂಪನ್ನು ಕೊಟ್ಟು ಬೇರೆ ಕೆಂಪನ್ನು ತಂದಳು.

ಹುಸೇನಬಿ ಕೇಳಿದಳು: "ನನ್ನ ಅರಿವಿ ಇದಲ್ಲಲ್ಲ?"

"ಇಲಿ ಕಡೀತವ್ವಾ. ಬದಲಿ ತಂದೆ."

ಹುಸೇನಬಿ ನಂಬಿದಳು. "ಇಲಿಗೂ ನಾ ಆರಿಸಿದ್ದು ಸೇರಲಿಲ್ಲ ನೋಡ್ರಿ" ಎಂದು ನಕ್ಕಳು. ಎಲ್ಲರೂ ನಕ್ಕರು. ದುಂಡವ್ವನೂ ನಕ್ಕಳು. ಮೂವತ್ತು ವರ್ಷದ ಗೆಳೆತನದಲ್ಲಿ ಅದು ಅವಳು ಹೇಳಿದ ಮೊದಲ ಸುಳ್ಳು. ಹೇಳಿದ ಮೇಲೆ ಭಯ ಕಡಿಮೆಯಾಗಬೇಕಿತ್ತು. ಆಗಲಿಲ್ಲ.

ಕೌದಿ ಹಾಸಿದರು. ನಾಲ್ವರು ನಾಲ್ಕು ಬದಿಗೆ ಕೂತರು. ನಿನಗೆ ಗೊತ್ತಿರಲಿ, ಕೈ ಹೊಲಿಗೆ ಒಬ್ಬೊಬ್ಬರದು ಒಂದೊಂದು ಥರ. ಐದು ಬೆರಳೂ ಒಂದೇ ಸಮ ಇರುತ್ತವೆಯೇ? ಫಕೀರವ್ವನದು ಉದ್ದುದ್ದ ಹೊಲಿಗೆ. ಅವಳ ಬಾಯಿ ಎಷ್ಟು ಬೇಗ ಓಡುವುದೋ ಸೂಜಿಯೂ ಅಷ್ಟು ಬೇಗ ಓಡುವುದು. ಬಾಳವ್ವನದು ಸಣ್ಣ ಹೊಲಿಗೆ, ಆದರೆ ದಾರ ಜಗ್ಗಿ ಎಳೆಯುವಳು. ಅವಳು ಹೊಲಿದಲ್ಲಿ ಅರಿವೆ ಸುಕ್ಕಾಗುವುದು. ಹುಸೇನಬಿಗೆ ಕಣ್ಣು ಮಂದವಾಗಿತ್ತು. ಅವಳ ಸಾಲು ನೆಟ್ಟಗೆ ಹೊರಟು ಹೋಗುತ್ತ ಹೋಗುತ್ತ ಇಳಿಜಾರಾಗುವುದು. ದುಂಡವ್ವನ ಹೊಲಿಗೆ ಮಾತ್ರ ಜೋಳದ ಕಾಳು ಜೋಡಿಸಿದ ಹಾಗೆ.

ಅದನ್ನು ಅವರು ಎಂದೂ ಒಂದು ದೋಷವೆಂದು ತಿಳಿದವರಲ್ಲ. ಎಷ್ಟೋ ಕೌದಿ ಹಾಗೆಯೇ ಹೊಲಿದಿದ್ದರು. ಹಾಗೆಯೇ ಹೊದ್ದಿದ್ದರು. ಮಧ್ಯಾಹ್ನದ ಊಟ ಮುಗಿಸಿ ಸೂಜಿ ಹಿಡಿದು ಕೂತರೆ ಲೋಕದ ಚಿಂತೆ ಇರುತ್ತಿರಲಿಲ್ಲ. ಒಬ್ಬಳು ಹಾಡು ಎತ್ತುವಳು. ಒಬ್ಬಳು ಮೈದುನನ ಹೆಂಡತಿಯ ಸುದ್ದಿ ತೆಗೆಯುವಳು. ಹುಸೇನಬಿ ಸೂಜಿಯನ್ನು ಮುಂದೆ ಚಾಚುವಳು, ಯಾರಾದರೂ ದಾರ ಪೋಣಿಸಿಕೊಡುವರು. ಪೋಣಿಸಿಕೊಡು ಎಂದು ಅವಳು ಬಾಯಿಬಿಟ್ಟು ಕೇಳಿದ್ದೇ ಇಲ್ಲ.

ಈ ಸಲ ದುಂಡವ್ವ ಹಾಡು ಕೇಳಲಿಲ್ಲ. ಅವಳ ಕಣ್ಣು ಮೂವರ ಕೈಯ ಮೇಲಿತ್ತು. ಒಂದು ಉದ್ದದ ಹೊಲಿಗೆ ಬಿದ್ದರೆ ಅವಳ ಎದೆ ಧಸಕ್ ಅನ್ನುವುದು. ಅರಿವೆ ಸುಕ್ಕಾದರೆ ಅಂಗೈಯಿಂದ ಒತ್ತಿ ಒತ್ತಿ ಸಮಮಾಡುವಳು. ಸಾಲು ಇಳಿಯುತ್ತಿದ್ದರೆ, ಇನ್ನು ನಿಲ್ಲಿಸುತ್ತಾಳೆ, ಈಗ ನಿಲ್ಲಿಸುತ್ತಾಳೆ ಎಂದು ಉಸಿರು ಬಿಗಿಹಿಡಿಯುವಳು. ಎರಡು ಸಲ ಸೂಜಿ ಅವಳ ಬೆರಳಿಗೇ ಚುಚ್ಚಿತು.

"ಏನವ್ವಾ, ಮದವಿ ನಿನಗೋ ಮಗಳಿಗೋ?" ಎಂದು ಫಕೀರವ್ವ ಚೇಷ್ಟೆ ಮಾಡಿದಳು.

ಸುನಂದಾ ಆಗ ಊರಿನಲ್ಲಿರಲಿಲ್ಲ. ಮದುಮಗಳಿಗೆ ಉಣ್ಣಿಸಿ ಕಳಿಸುತ್ತೇವೆಂದು ಸೋದರಮಾವ ಕರೆದುಕೊಂಡು ಹೋಗಿದ್ದ. ಇದ್ದಿದ್ದರೆ ಬೇರೆಯಾಗುತ್ತಿತ್ತೋ ಏನೋ.

ಮರುದಿನ ನಸುಕಿನಲ್ಲಿ ದುಂಡವ್ವ ಎದ್ದು ಹುಸೇನಬಿಯ ಒಂದು ಸಾಲನ್ನು ಬಿಚ್ಚಿದಳು. ಒಂದೇ ಸಾಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹುಸೇನಬಿ ಮಂದಗಣ್ಣಿನಲ್ಲಿ ಒಂದು ಮಧ್ಯಾಹ್ನವೆಲ್ಲ ಹೊಲಿದದ್ದು ಒಂದು ಜಗ್ಗಿಗೆ ದಾರವಾಗಿ ಕೈಗೆ ಬಂತು. ಅಲ್ಲಿ ತಾನು ಹೊಲಿದಳು. ನೆಟ್ಟಗೆ, ಒಪ್ಪವಾಗಿ. ಹೊಲಿದು ದೂರ ನಿಂತು ನೋಡಿದಳು. ಮನಸ್ಸಿಗೆ ತಂಪಾಯಿತು.

ಆ ತಂಪು ಎಷ್ಟು ಹೊತ್ತು ಇತ್ತು, ಹೇಳು? ಪಕ್ಕದ ಸಾಲಿನ ಮೇಲೆ ಕಣ್ಣು ಬೀಳುವವರೆಗೆ. ಒಂದು ಸಾಲು ನೆಟ್ಟಗಾದರೆ ಪಕ್ಕದ್ದು ಇನ್ನಷ್ಟು ಸೊಟ್ಟ ಕಾಣುತ್ತದೆ.

ಹಾಗೆ ಶುರುವಾಯಿತು. ಮಧ್ಯಾಹ್ನ ಗೆಳತಿಯರು ಹೊಲಿಯುವರು. ನಸುಕಿನಲ್ಲಿ ದುಂಡವ್ವ ಬಿಚ್ಚುವಳು. ಬಿಸಿಲೇರುವುದರೊಳಗೆ ಅಲ್ಲಿಗೆ ತನ್ನ ಹೊಲಿಗೆ ಹಾಕುವಳು. ಬೆರಳು ತೂತು ತೂತಾದವು. ದಿನಗಳು ಕಡಿಮೆಯಾಗುತ್ತಿದ್ದವು. ನಾಲ್ವರ ಕೆಲಸ ಒಬ್ಬಳ ಮೇಲೆ ಬಿದ್ದಿತ್ತು. ಇನ್ನು ಹನ್ನೊಂದು ದಿನ, ಇನ್ನು ಹತ್ತು ದಿನ. ಗೆಳತಿಯರು ಬೇಗ ಬಂದರೆ ಎದೆ ಹಾರುವುದು, ಬಿಚ್ಚಿದ ದಾರ ಇನ್ನೂ ನೆಲದ ಮೇಲೆ ಬಿದ್ದಿದೆಯೇ ಎಂದು. ತಡವಾಗಿ ಬಂದರೆ ಗೊತ್ತಾಗಿರಬಹುದೇ ಎಂದು. ಅವರು ನಕ್ಕರೂ ಭಯ, ನಗದಿದ್ದರೂ ಭಯ. ಮೊದಲು ಬೀಗರಿಗೆ ಮಾತ್ರ ಹೆದರಿದ್ದಳು. ಈಗ ಬೀಗರಿಗೂ ಗೆಳತಿಯರಿಗೂ ಹೆದರಿದಳು.

ಒಂದು ಮಧ್ಯಾಹ್ನ ಹುಸೇನಬಿ ನಿನ್ನೆ ಬಿಟ್ಟ ಸಾಲನ್ನು ಮುಂದುವರಿಸಲು ಕೂತಳು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ಆದ್ದರಿಂದ ಹೆಬ್ಬೆರಳಿನಿಂದ ಸವರುತ್ತ ಸವರುತ್ತ ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕುವಳು. ಹೆಬ್ಬೆರಳು ಹೋಯಿತು, ಹೋಯಿತು, ನಿಂತಿತು. ಹಿಂದಕ್ಕೆ ಬಂತು. ಮೇಲಿನ ಸಾಲಿಗೆ ಹೋಯಿತು. ಅದರ ಮೇಲಿನ ಸಾಲಿಗೆ ಹೋಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರೂ ಏನೂ ಕೇಳಿರಲಿಲ್ಲ. ದುಂಡವ್ವನೇ ಅಂದಳು: "ಅಲ್ಲಿ ದಾರ ಹರದಿತ್ತವ್ವಾ, ಅದಕ್ಕ ಒಂದೀಟು ಹಾಕೀನಿ."

ಹುಸೇನಬಿ "ಹೌದೇನು" ಅಂದಳು. ಸೂಜಿಯನ್ನು ಮುಂದೆ ಚಾಚಲಿಲ್ಲ. ತಾನೇ ದಾರ ಪೋಣಿಸಲು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೂಜಿಯನ್ನು ಅರಿವೆಗೆ ಚುಚ್ಚಿಟ್ಟು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಎದ್ದು ಹೋದಳು. ಮರುದಿನ ತಲೆನೋವೆಂದು ಹೇಳಿಕಳಿಸಿದಳು. ಅದರ ಮರುದಿನ ಏನೂ ಹೇಳಿಕಳಿಸಲಿಲ್ಲ.

ಬಾಳವ್ವನಿಗೆ ತಿಳಿಯಿತು. ಆದರೂ ಅವಳು ಬಂದಳು. ಮೂರು ಹೊಲಿಗೆ ಹಾಕುವಳು, ದುಂಡವ್ವನ ಮುಖ ನೋಡುವಳು. ಮತ್ತೆ ಮೂರು ಹಾಕುವಳು, ಮತ್ತೆ ನೋಡುವಳು. ಅಂಗಡಿಯವನ ಬಾಯಿ ಮುಚ್ಚಿಸುತ್ತಿದ್ದ ಹೆಂಗಸು ಅವಳು. ಆ ಮನೆಯಲ್ಲಿ ಒಂದೊಂದು ಹೊಲಿಗೆಗೂ ಅಪ್ಪಣೆ ಕೇಳುವವಳಂತಾದಳು. ಎರಡು ದಿನ ತಡೆದಳು. ಮೂರನೆಯ ದಿನ ಅವಳೂ ಬರಲಿಲ್ಲ.

ಫಕೀರವ್ವ ಒಬ್ಬಳೇ ಬಂದಳು. ಕೂರಲಿಲ್ಲ. ಕೌದಿಯ ನಾಲ್ಕೂ ಬದಿಯನ್ನು ಸುತ್ತಿ ನೋಡಿದಳು.

"ನಾ ಹೊಲಿದಿದ್ದು ಎಲ್ಲೈತಿ, ದುಂಡಿ?"

ದುಂಡವ್ವ ತಲೆ ಎತ್ತಲಿಲ್ಲ. "ಸಿಟ್ಟಾಗಬ್ಯಾಡ. ನಾಳೆ ಬೀಗರ ಮನಿಯಾಗ ಮಾತು ಕೇಳಾಕಿ ನನ್ನ ಮಗಳು. ನಿನಗ ಅದು ತಿಳಿಯೂದಿಲ್ಲ."

"ನಿನ್ನ ಮಗಳು." ಫಕೀರವ್ವ ಬಾಗಿಲ ಕಡೆ ತಿರುಗಿದಳು. "ಆಕಿ ಹುಟ್ಟಿದಾಗ ನಿನಗ ನಂಜಾಗಿ ಹದಿನೈದು ದಿನ ಎಚ್ಚರಿರಲಿಲ್ಲ. ಆಕಿಗೆ ಹಾಲು ಕುಡಿಸಿದಾಕಿ ನಾನು. ಆಗ ನೀ ನನ್ನ ಮಗಳು ಅಂದಿದ್ದಿಲ್ಲ."

ಇಷ್ಟು ಹೇಳಿ ಹೋದಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು. ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಿದವರು ಸಂಜೆಗೆ ಮಜ್ಜಿಗೆ ಕೇಳಿಕೊಂಡು ಬರುತ್ತಾರೆ.

ಚರಂತಯ್ಯ, ಹೂಂ ಅನ್ನುವುದನ್ನು ಬಿಟ್ಟಿದ್ದೀಯ.

"ಕೇಳುತ್ತಿದ್ದೇನೆ, ಅಜ್ಜಾರೇ."

ದುಂಡವ್ವ ಹಿಂದೆ ಓಡಿಹೋಗಬೇಕಿತ್ತು. ಎದ್ದದ್ದೂ ಹೌದು. ಆದರೆ ಮದುವೆಗೆ ಏಳು ದಿನ ಇತ್ತು, ಕೌದಿ ಅರ್ಧಕ್ಕೆ ನಿಂತಿತ್ತು. ಮೊದಲು ಇದು ಮುಗಿಯಲಿ, ಆಮೇಲೆ ಹೋಗಿ ಕಾಲು ಹಿಡಿದರಾಯಿತು ಅಂದುಕೊಂಡಳು. ನಾವೆಲ್ಲ ಹಾಗೇ ಅಂದುಕೊಳ್ಳುವುದು. ಅವಳು ಒಬ್ಬಳೇ ನಾಲ್ಕೂ ಬದಿಗೆ ಸರಿದು ಸರಿದು ಕೂತು ಹೊಲಿದಳು. ಅಡುಗೆ ಸೀದುಹೋಯಿತು. ಗಂಡ ಮಾತಾಡಿಸಿದರೆ ಸಿಡುಕಿದಳು. ಕಣ್ಣು ಮುಚ್ಚಿದರೆ ಒಂದು ಮೂಲೆ ಬಿಚ್ಚಿಕೊಂಡಂತೆ ಕಾಣುವುದು, ಎದ್ದು ಹೋಗಿ ಮುಟ್ಟಿ ನೋಡುವಳು. ಬಿಚ್ಚಿಕೊಂಡಿರುತ್ತಿರಲಿಲ್ಲ. ಮಲಗಿದರೆ ಮತ್ತೆ ಅದೇ.

ಮದುವೆಯ ಹಿಂದಿನ ದಿನ ಕೌದಿ ಮುಗಿಯಿತು. ಒಂದು ಹೊಲಿಗೆ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಗೆಳತಿಯರು ಮದುವೆಗೆ ಬಂದರು. ಬಾರದೆ ಇರುವವರಲ್ಲ. ರೊಟ್ಟಿ ಬಡಿದರು, ಎಲೆ ಹಾಕಿದರು, ಅಕ್ಕಿಕಾಳು ಹಾಕಿದರು. ಸುನಂದಾಳನ್ನು ತಬ್ಬಿಕೊಂಡು ಅತ್ತರು. ಕೌದಿಯ ಮಾತು ಎತ್ತಲಿಲ್ಲ. ಮಡಚಿ ಗಂಟು ಕಟ್ಟಿದ್ದ ಕೌದಿಯ ಕಡೆ ತಿರುಗಿಯೂ ನೋಡಲಿಲ್ಲ.

ಮದುಮಗಳ ಜೊತೆ ಹೋಗಿದ್ದ ಒಬ್ಬ ಮುದುಕಿ ನಾಲ್ಕು ದಿನ ಬಿಟ್ಟು ತಿರುಗಿ ಬಂದಳು. ದುಂಡವ್ವ ಅವಳಿಗೆ ನೀರು ಕೂಡ ಕೊಡದೆ ಕೇಳಿದಳು: "ಹಾಸಿ ನೋಡಿದರೇನು?"

"ನೋಡಿದರವ್ವಾ. ಸೊಟ್ಟ ಅನ್ನಾಕ ಒಂದು ಜಾಗಾ ಸಿಗಲಿಲ್ಲ. ಮಷೀನಿನಾಗ ಹೊಲಿಸಿದಂಗ ಐತಿ, ಯಾವ ಅಂಗಡ್ಯಾಗ ಕೊಂಡ್ರಿ ಅಂತ ಬೀಗತಿ ಕೇಳಿದಳು."

ಯಾರೂ ನಗಲಿಲ್ಲ. ದುಂಡವ್ವ ಅಷ್ಟಕ್ಕೇ ಕೈಮುಗಿದಳು. ಆ ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು, ಕಣ್ತುಂಬ ನಿದ್ದೆ ಮಾಡಿದಳು. ಗೆಳತಿಯರ ಮನೆಗೆ ನಾಳೆ ಹೋಗೋಣ ಅಂದುಕೊಂಡಳು. ನಾಳೆ ಅಂದದ್ದು ವಾರವಾಯಿತು, ವಾರ ಅಂದದ್ದು ತಿಂಗಳಾಯಿತು. ತಪ್ಪು ಒಪ್ಪಿಕೊಳ್ಳುವ ಕೆಲಸಕ್ಕೆ ಒಳ್ಳೆಯ ದಿನ ಯಾವ ಪಂಚಾಂಗದಲ್ಲೂ ಬರುವುದಿಲ್ಲ.

ಎರಡು ತಿಂಗಳಾದ ಮೇಲೆ ಸುನಂದಾಗೆ ಜ್ವರವೆಂದು ಸುದ್ದಿ ಬಂತು. ದುಂಡವ್ವನ ಜೀವ ಬಾಯಿಗೆ ಬಂತು. ಉಟ್ಟ ಸೀರೆಯಲ್ಲೇ ಹೊರಟಳು. ಹೋಗಿ ನೋಡಿದರೆ ಜ್ವರ ಇಳಿದಿತ್ತು. ಅತ್ತೆ ಒಳ್ಳೆಯವಳು, ಗಂಜಿ ಕುಡಿಸುತ್ತಿದ್ದಳು. ತಾಯಿ ಮಗಳು ಮಾತಾಡಲಿ ಎಂದು ಅವಳು ಎದ್ದು ಹೊರಗೆ ಹೋದಳು.

ಸುನಂದಾ ಕೌದಿ ಹೊದ್ದು ಮಲಗಿದ್ದಳು. ಮುಖ ಬತ್ತಿತ್ತು. ತಾಯಿಯನ್ನು ಕಂಡು ನಕ್ಕಳು, ನಕ್ಕ ಹಾಗೆಯೇ ಅತ್ತಳು. ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು.

"ಅವ್ವಾ, ನನ್ನ ಕೌದಿ ಹೊಲಿಯಾಕ ಯಾರೂ ಬರಲಿಲ್ಲೇನು?"

"ಬಂದಿದ್ದರಲ್ಲವ್ವಾ. ಮೂರೂ ಮಂದಿ ಬಂದಿದ್ದರು."

"ಹಂಗಾದರ ಎಲ್ಲಿ ಅದಾರ? ಜ್ವರದಾಗ ನಿಮ್ಮನ್ನೆಲ್ಲಾ ನೆನಸಿ ನೆನಸಿ ಅತ್ತೀನಿ. ಕೈ ಆಡಿಸಿ ಆಡಿಸಿ ಹುಡಕೀನಿ. ಹುಸೇನಬಿ ಅತ್ತಿದು ಒಂದು ಸೊಟ್ಟ ಸಾಲಿಲ್ಲ. ಬಾಳವ್ವ ಚಿಗವ್ವನ ಸುಕ್ಕಿಲ್ಲ. ಫಕೀರವ್ವ ಚಿಗವ್ವನ ಒಂದು ಹೊಲಿಗಿಲ್ಲ. ಇದರಾಗ ನೀ ಒಬ್ಬಾಕಿನ ಅದಿ." ಮಗಳು ತಾಯಿಯ ಕೈ ಹಿಡಿದುಕೊಂಡಳು. "ಖರೇ ಹೇಳವ್ವಾ. ಅವರಿಗೆ ನನ್ನ ಮ್ಯಾಲ ಏನು ಸಿಟ್ಟು? ನಾ ಏನು ತಪ್ಪು ಮಾಡಿದ್ದೆ?"

ಅಜ್ಜಾರು ಇಲ್ಲಿಗೆ ನಿಲ್ಲಿಸಿದರು. ಪಕ್ಕದ ತಂಬಿಗೆಯಿಂದ ಎರಡು ಗುಟುಕು ನೀರು ಕುಡಿದರು.

ಚರಂತಯ್ಯನಿಗೆ ತಡೆಯಲಾಗಲಿಲ್ಲ. "ದುಂಡವ್ವ ಏನು ಹೇಳಿದಳು?"

"ಏನು ಹೇಳುತ್ತಾಳೆ? ನಿಜ ಹೇಳಿದಳು. ಹೇಳಿ ಅತ್ತಳು. ಮಗಳು ಅವಳ ಕೈ ಬಿಡಲಿಲ್ಲ, ಅಷ್ಟು ಪುಣ್ಯ. ಊರಿಗೆ ಬಂದು ಮೂವರ ಬಾಗಿಲಿಗೂ ಹೋದಳು. ಹುಸೇನಬಿ ಚಾ ಕೊಟ್ಟಳು. ಬಾಳವ್ವ ಮಣೆ ಹಾಕಿದಳು. ಫಕೀರವ್ವ ಸುನಂದಾಳ ಜ್ವರ ಇಳಿಯಿತೇ ಎಂದು ಮೂರು ಸಲ ಕೇಳಿದಳು. ಎಲ್ಲರೂ ಚೆನ್ನಾಗಿಯೇ ಮಾತಾಡಿಸಿದರು. ಆದರೆ ಸೂಜಿ ಹಿಡಿದುಕೊಂಡು ಅವಳ ಮನೆಗೆ ಯಾರೂ ಬರಲಿಲ್ಲ. ಬರಬಾರದೆಂದಲ್ಲ, ಚರಂತಯ್ಯ. ಅವರಿಗೆ ತಮ್ಮ ಕೈಯ ಮೇಲೆ ನಂಬಿಕೆ ಹೋಗಿತ್ತು."

ಚರಂತಯ್ಯನ ಮನಸ್ಸು ಒಪ್ಪಲಿಲ್ಲ.

"ಅಜ್ಜಾರೇ, ಅವಳು ಸುಳ್ಳು ಹೇಳಬಾರದಿತ್ತು, ಅದು ನಿಜ. ಆದರೂ ಅವಳು ಹೆದರಿದ್ದು ಮಗಳ ಸಲುವಾಗಿ. ಕಡೆಗೂ ಆ ಕೌದಿಯಲ್ಲಿ ಒಂದು ತಪ್ಪು ಹುಡುಕಲು ಯಾರಿಂದಲೂ ಆಗಲಿಲ್ಲವಲ್ಲ."

ಅಜ್ಜಾರು ತಂಬಿಗೆಯನ್ನು ಕೆಳಗಿಟ್ಟರು.

"ನೀನು ಬಂದ ವರ್ಷ ಅಮಾವಾಸ್ಯೆಯ ದಾಸೋಹಕ್ಕೆ ರೊಟ್ಟಿ ಬಡಿಯಲು ಇಪ್ಪತ್ತು ಮಂದಿ ತಾವಾಗಿ ಬರುತ್ತಿದ್ದರು, ಈ ಅಮಾವಾಸ್ಯೆಗೆ ಎಷ್ಟು ಮಂದಿ ಬಂದಿದ್ದರು, ಚರಂತಯ್ಯ?"